ಕೋಡ್ ತಲೆಗೆ ಹತ್ತದಿದ್ದರೆ ತಪ್ಪು ಯಾರದು?

ದಿನದಿನದ ಮಳೆಯ ಪ್ರಮಾಣವನ್ನು ಒಂದೊಂದಾಗಿ ಓದಿಕೊಳ್ಳಬೇಕು. 99999 ಎಂಬ ಸಂಖ್ಯೆ ಬಂದ ಕೂಡಲೇ ಓದುವುದನ್ನು ನಿಲ್ಲಿಸಿ, ಅಲ್ಲಿಯವರೆಗೆ ಬಿದ್ದ ಮಳೆಯ ಸರಾಸರಿ ಹೇಳಬೇಕು. ಕಾಗದ, ಪೆನ್ನು ಕೊಟ್ಟರೆ ಹೈಸ್ಕೂಲು ಮಕ್ಕಳೂ ಮಾಡಿ ಮುಗಿಸುವ ಲೆಕ್ಕ ಇದು. ಇದಕ್ಕೇ ಒಂದು ಪ್ರೋಗ್ರಾಮ್ ಬರೆಯಿರಿ ಎಂದಾಗ ಕಥೆ ಬೇರೆಯಾಗುತ್ತದೆ. 1980ರ ದಶಕದಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಎಲಿಯಟ್ ಸೊಲೊವೇ ಮತ್ತು ಅವರ ಸಂಗಡಿಗರು ಹೊಸದಾಗಿ ಪ್ರೋಗ್ರಾಮಿಂಗ್ ಕಲಿತವರ ಮುಂದೆ ಇಂಥ ಲೆಕ್ಕಗಳನ್ನಿಟ್ಟರು. ಬಹಳ ಮಂದಿ ಎಡವಿದರು. ನಿಲ್ಲಿಸು ಎಂದು ಹೇಳಲು ಇಟ್ಟಿದ್ದ 99999 ಅನ್ನೇ ಮಳೆಯ ಜೊತೆ ಕೂಡಿಸುವುದು, ಒಂದು ದಿನದ ಲೆಕ್ಕವೂ ಇಲ್ಲದಿದ್ದಾಗ ಸೊನ್ನೆಯಿಂದ ಭಾಗಿಸುವುದು, ಎಣಿಕೆಯಲ್ಲಿ ಒಂದು ಹೆಚ್ಚುಕಡಿಮೆ ಮಾಡುವುದು, ಹೀಗೆ ತಪ್ಪುಗಳಿಗೂ ಒಂದು ಜಾಡು ಇತ್ತು.

ಸೊಲೊವೇ ಆ ಜಾಡನ್ನು ಹಿಡಿದು ಹೋದರು. 1983ರಲ್ಲಿ ಅವರ ತಂಡ ಪ್ರಕಟಿಸಿದ ಪ್ರಬಂಧದ ಮುಖ್ಯ ಮಾತು ಇಷ್ಟು: ಮನುಷ್ಯರು ಇಂಥ ಕೆಲಸವನ್ನು ಸಹಜವಾಗಿ 'ಮೊದಲು ಓದು, ಆಮೇಲೆ ಬಳಸು' ಎಂಬ ಕ್ರಮದಲ್ಲಿ ಯೋಚಿಸುತ್ತಾರೆ. ಆಗ ಕಲಿಸುತ್ತಿದ್ದ ಪ್ಯಾಸ್ಕಲ್ ಭಾಷೆಯ ವೈಲ್ ಲೂಪ್, ಎಂದರೆ ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಕಟ್ಟು, ಇದನ್ನು ತಿರುಗಿಸಿ ಕೇಳುತ್ತಿತ್ತು. ಮೊದಲ ಸಂಖ್ಯೆಯನ್ನು ಲೂಪಿನ ಹೊರಗೇ ಓದಿಕೊಂಡು, ಒಳಗೆ ಬಂದು ಅದನ್ನು ಬಳಸಿ, ಆಮೇಲೆ ಮುಂದಿನದನ್ನು ಓದಬೇಕಿತ್ತು. ಲೂಪಿನ ನಡುವೆಯೇ ಹೊರಗೆ ಬರಲು ಅವಕಾಶವಿರುವಂತೆ ಭಾಷೆಯನ್ನು ತುಸು ಬದಲಿಸಿ ಕೊಟ್ಟಾಗ ಸರಿಯಾಗಿ ಬರೆದವರ ಸಂಖ್ಯೆ ಏರಿತು. ಪ್ರೋಗ್ರಾಮಿಂಗ್ ಬಾರದವರಿಗೆ 'ಲಾಜಿಕ್ ಇಲ್ಲ' ಎಂದು ಷರಾ ಬರೆಯುವ ಮೊದಲು ಕೈಗೆ ಕೊಟ್ಟ ಉಪಕರಣವನ್ನೂ ಒಮ್ಮೆ ನೋಡಬೇಕು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಸಿಗುವುದು ಕಷ್ಟ.

ಕಲಿಸುವುದನ್ನೇ ಹೀಗೆ ಪ್ರಯೋಗಕ್ಕೆ ಒಡ್ಡಿ ನೋಡುವ ಶಾಸ್ತ್ರವೊಂದು ಕಳೆದ ನಾಲ್ಕು ದಶಕಗಳಲ್ಲಿ ಬೆಳೆದು ನಿಂತಿದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯ 2004ರಲ್ಲಿ ಎಂಜಿನಿಯರಿಂಗ್ ಬೋಧನೆಗೆಂದೇ ಪ್ರತ್ಯೇಕ ವಿಭಾಗ ತೆರೆಯಿತು. ನಮ್ಮಲ್ಲಿ ಬಾಂಬೆ ಐಐಟಿ ಇದೇ ಬಗೆಯ ಸಂಶೋಧನೆಗೆ ಪಿಎಚ್.ಡಿ. ಕೊಡುತ್ತಿದೆ. ಸೇತುವೆ ಬಿದ್ದರೆ ಎಂಜಿನಿಯರು ಯಾಕೆ ಬಿತ್ತೆಂದು ಅಳೆದು ತೂಗಿ ನೋಡುತ್ತಾನೆ. ತರಗತಿಯ ಅರ್ಧ ಮಂದಿ ಫೇಲಾದಾಗಲೂ ಅಷ್ಟೇ ಶ್ರದ್ಧೆಯಿಂದ ಕಾರಣ ಹುಡುಕುವುದು ಈ ವಿದ್ವಾಂಸರ ಕೆಲಸ.

ಹುಡುಕಲು ಕಾರಣಗಳಿಗೇನೂ ಬರವಿರಲಿಲ್ಲ. ಜಾರ್ಜಿಯಾ ಟೆಕ್‌ನ ಮೈಕೆಲ್ ಮೆಕ್‌ಕ್ರಾಕೆನ್ ನೇತೃತ್ವದ ತಂಡ 2001ರಲ್ಲಿ ಹೊರತಂದ ವರದಿ ಈ ವಲಯವನ್ನೇ ಬೆಚ್ಚಿಬೀಳಿಸಿತು. ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಪ್ರೋಗ್ರಾಮಿಂಗಿನ ಮೊದಲ ಕೋರ್ಸ್ ಮುಗಿಸಿದ್ದ 216 ವಿದ್ಯಾರ್ಥಿಗಳಿಗೆ ಸರಳ ಕ್ಯಾಲ್ಕುಲೇಟರ್ ಒಂದರ ಪ್ರೋಗ್ರಾಮ್ ಬರೆಯಲು ಹೇಳಿದ್ದರು. 110 ಅಂಕಗಳಿಗೆ ಅವರು ಗಳಿಸಿದ ಸರಾಸರಿ 22.89. ಇವರೆಲ್ಲ ಪಾಠ ಕೇಳಿದವರು, ಲ್ಯಾಬ್ ಮಾಡಿದವರು. ಸಮಸ್ಯೆ ಒಂದು ಕಾಲೇಜಿನದೋ ಒಬ್ಬ ಮೇಷ್ಟ್ರದೋ ಅಲ್ಲವೆಂಬುದು ಅಂದು ಖಚಿತವಾಯಿತು.

ಮೂರು ವರ್ಷಗಳ ನಂತರ ಸಿಡ್ನಿಯ ರೇಮಂಡ್ ಲಿಸ್ಟರ್ ಇನ್ನೂ ಒಂದು ಮೆಟ್ಟಿಲು ಕೆಳಗಿಳಿದು ನೋಡಿದರು. ಬರೆಯುವುದು ಹಾಗಿರಲಿ, ಇವರಿಗೆ ಕೋಡ್ ಓದಲು ಬರುತ್ತದೆಯೇ? ಏಳು ದೇಶಗಳ ವಿದ್ಯಾರ್ಥಿಗಳಿಗೆ ಪುಟ್ಟಪುಟ್ಟ ಕೋಡ್ ತುಣುಕು ಕೊಟ್ಟು, ಇದು ಓಡಿದರೆ ಕೊನೆಗೆ ಯಾವ ಬೆಲೆ ಉಳಿಯುತ್ತದೆ, ಬಿಟ್ಟ ಜಾಗದಲ್ಲಿ ಯಾವ ಸಾಲು ಬರಬೇಕು ಎಂದು ಕೇಳಿದರು. ಬಹಳ ಮಂದಿಗೆ ಅದೂ ಬರಲಿಲ್ಲ. ಸಾಲುಸಾಲಾಗಿ ಓದಿ, ಪ್ರತಿ ಹೆಜ್ಜೆಯಲ್ಲಿ ಬೆಲೆ ಹಿಡಿದಿಡುವ ಯಾವ ವೇರಿಯಬಲ್ ಏನಾಯಿತು ಎಂದು ಬರೆದುಕೊಳ್ಳುವ ಅಭ್ಯಾಸವೇ ಗಟ್ಟಿಯಾಗಿರಲಿಲ್ಲ. ಓದಲು ಬಾರದವರಿಂದ ಬರೆಸಲು ಹೊರಟಿದ್ದೇವೆ ಎಂಬ ಅರಿವು ಬೋಧಕರಿಗೆ ಮೂಡಿದ್ದು ಇಲ್ಲಿಂದ.

ಓದುವಾಗ ತಲೆಯೊಳಗೆ ಏನಾಗುತ್ತದೆ? ಒಂದು ಉದಾಹರಣೆ ನೋಡಬಹುದು. 'ಎ = 5', 'ಬಿ = ಎ', 'ಎ = 7' ಎಂದು ಮೂರು ಸಾಲಿವೆ. ಈಗ ಬಿ ಎಷ್ಟು? ಉತ್ತರ 5. ಹೊಸಬರಲ್ಲಿ ಹಲವರು 7 ಎನ್ನುತ್ತಾರೆ. ಗಣಿತದಲ್ಲಿ ಸಮ ಚಿಹ್ನೆ ಹಾಕಿದರೆ ಎರಡೂ ಎಂದೆಂದಿಗೂ ಸಮ ಎಂದು ಹತ್ತು ವರ್ಷ ಕಲಿತು ಬಂದವರು ಅವರು. ಅವರ ಉತ್ತರ ದಡ್ಡತನದ್ದಲ್ಲ, ಹಳೆಯ ಪಾಠವನ್ನು ನಿಷ್ಠೆಯಿಂದ ಪಾಲಿಸಿದ್ದರ ಫಲ. ಇನ್ನೂ ಆಳದ ತಪ್ಪುಕಲ್ಪನೆಯೊಂದನ್ನು ಸಂಶೋಧಕ ರಾಯ್ ಪೀ 1986ರಲ್ಲೇ ಗುರುತಿಸಿದ್ದರು. ಕಂಪ್ಯೂಟರಿನೊಳಗೆ ಎಲ್ಲೋ ಒಂದು ಬುದ್ಧಿ ಅಡಗಿದೆ, ತಾನು ಅರ್ಧ ಹೇಳಿದರೂ ಉಳಿದದ್ದನ್ನು ಅದು ಅರ್ಥಮಾಡಿಕೊಳ್ಳುತ್ತದೆ ಎಂಬ ನಂಬಿಕೆ ಅದು. ವೇರಿಯಬಲ್‌ಗೆ 'ದೊಡ್ಡದು' ಎಂದು ಹೆಸರಿಟ್ಟರೆ ಅದರಲ್ಲಿ ತಾನಾಗಿಯೇ ದೊಡ್ಡ ಸಂಖ್ಯೆ ಬಂದು ಕೂರುತ್ತದೆ ಎಂದು ಕಾಯುವವರು ಇದೇ ಕಾರಣಕ್ಕೆ ಕಾಯುತ್ತಾರೆ.

ಮದ್ದೂ ಈ ರೋಗನಿದಾನದಿಂದಲೇ ಹುಟ್ಟಿತು. ಫಿಲಿಪ್ ಗುವೊ 2010ರಲ್ಲಿ ಆರಂಭಿಸಿದ ಪೈಥಾನ್ ಟ್ಯೂಟರ್ ಎಂಬ ಉಚಿತ ಸಾಧನ ಕೋಡನ್ನು ಒಂದೊಂದೇ ಸಾಲು ಓಡಿಸಿ, ಮೆಮೊರಿಯೊಳಗೆ ಆಗುವುದನ್ನು ಚೌಕ ಮತ್ತು ಬಾಣಗಳಲ್ಲಿ ತೋರಿಸುತ್ತದೆ. ಎ ಬದಲಾದರೂ ಬಿ ಅಲುಗಾಡದೆ ಕೂತಿರುವುದು ಕಣ್ಣಿಗೇ ಕಾಣುತ್ತದೆ. ನ್ಯೂಜಿಲೆಂಡಿನ ಒಟಾಗೊ ಪಾಲಿಟೆಕ್ನಿಕ್‌ನ ಡೇಲ್ ಪಾರ್ಸನ್ಸ್ ಮತ್ತು ಪೆಟ್ರೀಶಿಯಾ ಹೇಡನ್ 2006ರಲ್ಲಿ ಇನ್ನೊಂದು ದಾರಿ ತೋರಿಸಿದರು. ಸರಿಯಾದ ಪ್ರೋಗ್ರಾಮಿನ ಸಾಲುಗಳನ್ನು ಕತ್ತರಿಸಿ, ಕಲಸಿ ಕೊಡುವುದು. ಅವನ್ನು ಕ್ರಮಕ್ಕೆ ತರುವುದಷ್ಟೇ ವಿದ್ಯಾರ್ಥಿಯ ಕೆಲಸ. ಸೆಮಿಕೋಲನ್ ಬಿಟ್ಟುಹೋಗಿ ಅರ್ಧ ಗಂಟೆ ಹಾಳಾಗುವ ಭಯವಿಲ್ಲ. ಮನಸ್ಸು ಪೂರ್ತಿ ಕ್ರಮದ ಮೇಲೆ. ಆಟದಂತೆ ಕಂಡರೂ ಇದರ ಫಲ ಗಂಭೀರವಾದದ್ದು. ಬಾರ್ಬರಾ ಎರಿಕ್ಸನ್ 2017ರಲ್ಲಿ ತೋರಿಸಿದಂತೆ, ಈ ಬಗೆಯ ಅಭ್ಯಾಸ ಮಾಡಿದವರು ಪೂರ್ತಿ ಕೋಡ್ ಬರೆದು ಅಭ್ಯಾಸ ಮಾಡಿದವರಷ್ಟೇ ಕಲಿತರು, ತೆಗೆದುಕೊಂಡ ಸಮಯ ಮಾತ್ರ ಕಡಿಮೆ. ಬಾಯಿಪಾಠ ಮಾಡಿದ ಪ್ರೋಗ್ರಾಮನ್ನು ಲ್ಯಾಬಿನಲ್ಲಿ ಟೈಪಿಸಿ, ರೆಕಾರ್ಡ್ ಪುಸ್ತಕ ತುಂಬಿಸಿ, ವೈವಾ ಮುಗಿಸುವ ಪದ್ಧತಿ ಎಲ್ಲೆಲ್ಲಿದೆಯೋ ಅಲ್ಲೆಲ್ಲ ಇದನ್ನು ನಾಳೆಯೇ ಶುರುಮಾಡಬಹುದು. ಒಂದು ಜೆರಾಕ್ಸ್ ಹಾಳೆ ಸಾಕು.

ಇದು ಕಲಿಯುವವರ ತಲೆಯೊಳಗಿನ ಕಥೆಯಾದರೆ, ತರಗತಿಯ ಕಥೆ ಭೌತಶಾಸ್ತ್ರದಿಂದ ಶುರುವಾಗುತ್ತದೆ. ಹಾರ್ವರ್ಡ್‌ನ ಎರಿಕ್ ಮಜೂರ್ ವಿದ್ಯಾರ್ಥಿಗಳ ಮೆಚ್ಚಿನ ಮೇಷ್ಟ್ರು, ಅವರ ಶಿಷ್ಯರು ಕಠಿಣ ಲೆಕ್ಕಗಳನ್ನೂ ಬಿಡಿಸುತ್ತಿದ್ದರು. ಬಲ ಮತ್ತು ಚಲನೆಯ ಮೂಲ ಕಲ್ಪನೆಗಳ ಬಗ್ಗೆ ಸೂತ್ರವೇ ಬೇಡದ ಸರಳ ಪ್ರಶ್ನೆಗಳನ್ನು ಕೇಳಿದ ದಿನ ಚಿತ್ರ ಬದಲಾಯಿತು. ನೀವು ಕಲಿಸಿದಂತೆ ಉತ್ತರಿಸಬೇಕೋ, ನನಗೆ ಅನ್ನಿಸಿದಂತೆ ಉತ್ತರಿಸಬೇಕೋ ಎಂದು ವಿದ್ಯಾರ್ಥಿನಿಯೊಬ್ಬಳು ಕೇಳಿದ್ದನ್ನು ಮಜೂರ್ ಆಮೇಲೆ ಬರೆದುಕೊಂಡಿದ್ದಾರೆ. ಪಾಠವೊಂದು, ನಂಬಿಕೆಯೊಂದು ಎಂದು ಎರಡು ಬೇರೆ ಖಾತೆಗಳಿದ್ದವು! 1991ರಿಂದ ಅವರು ಉಪನ್ಯಾಸದ ಬಹುಭಾಗವನ್ನು ಕೈಬಿಟ್ಟರು. ಒಂದು ಪ್ರಶ್ನೆ ಹಾಕುವುದು, ಪ್ರತಿಯೊಬ್ಬರೂ ಒಂದು ಉತ್ತರಕ್ಕೆ ಮತ ಹಾಕುವುದು, ಬೇರೆ ಉತ್ತರ ಕೊಟ್ಟ ಪಕ್ಕದವರ ಜೊತೆ ವಾದ ಮಾಡುವುದು, ಮತ್ತೆ ಮತ. ಆಗತಾನೇ ಅರ್ಥಮಾಡಿಕೊಂಡ ಗೆಳೆಯನಿಗೆ ಎಲ್ಲಿ ತೊಡಕಾಗಿತ್ತು ಎಂಬುದು ಇನ್ನೂ ನೆನಪಿರುತ್ತದೆ. ಇಪ್ಪತ್ತು ವರ್ಷದ ಹಿಂದೆ ಕಲಿತ ಪ್ರೊಫೆಸರ್‌ಗೆ ಅದು ಮರೆತಿರುತ್ತದೆ.

ಸ್ಯಾನ್ ಡಿಯೇಗೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಿಯೊ ಪೋರ್ಟರ್, ಬೆತ್ ಸೈಮನ್ ಮೊದಲಾದವರು ಇದನ್ನು ಕಂಪ್ಯೂಟರ್ ತರಗತಿಗಳಿಗೆ ತಂದರು. ನಾಲ್ಕು ಕೋರ್ಸ್‌ಗಳ ಹತ್ತು ವರ್ಷಗಳ ಫಲಿತಾಂಶವನ್ನು ಹೋಲಿಸಿ 2013ರಲ್ಲಿ ಅವರು ಪ್ರಕಟಿಸಿದ ಲೆಕ್ಕದಲ್ಲಿ, ಫೇಲಾಗುವವರ ಪ್ರಮಾಣ ಸರಾಸರಿ ಶೇ 20ರಿಂದ ಶೇ 7ಕ್ಕೆ ಇಳಿದಿತ್ತು. ಮರುವರ್ಷ ವಿಜ್ಞಾನ ಮತ್ತು ಎಂಜಿನಿಯರಿಂಗ್ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದ ಸ್ಕಾಟ್ ಫ್ರೀಮನ್ ತಂಡವೂ ಇದೇ ದಿಕ್ಕಿನ ಉತ್ತರ ಕಂಡಿತು: ಬರೀ ಉಪನ್ಯಾಸ ಕೇಳುವವರು ಫೇಲಾಗುವ ಸಾಧ್ಯತೆ ಒಂದೂವರೆ ಪಟ್ಟು.

ನಮ್ಮ ದೊಡ್ಡ ತರಗತಿಗಳಲ್ಲಿ ಇದೆಲ್ಲ ನಡೆಯುತ್ತದೆಯೇ ಎಂಬ ಪ್ರಶ್ನೆ ಇಲ್ಲಿ ಏಳುವುದು ಸಹಜ. ಬಾಂಬೆ ಐಐಟಿಯಲ್ಲಿ ಸಹನಾ ಮೂರ್ತಿ, ಶ್ರೀಧರ್ ಅಯ್ಯರ್ ಮತ್ತು ಅವರ ವಿದ್ಯಾರ್ಥಿಗಳು ಅದಕ್ಕೆ ಉತ್ತರ ಕೊಟ್ಟರು. ಮೊದಲ ವರ್ಷದ ಪ್ರೋಗ್ರಾಮಿಂಗ್ ತರಗತಿ, ಸುಮಾರು 450 ಮಂದಿ. ಕೊಟ್ಟ ಪ್ರಶ್ನೆಯನ್ನು ಮೊದಲು ಒಬ್ಬೊಬ್ಬರೇ ಯೋಚಿಸಿ ಬರೆಯಬೇಕು, ಆಮೇಲೆ ಪಕ್ಕದವರೊಡನೆ ಚರ್ಚಿಸಬೇಕು, ಕೊನೆಗೆ ಇಡೀ ತರಗತಿಯ ಮುಂದಿಡಬೇಕು. ವೀಕ್ಷಕರು ಬೆಂಚುಗಳ ನಡುವೆ ಕೂತು ಯಾರು ಏನು ಮಾಡುತ್ತಿದ್ದಾರೆಂದು ಗುರುತು ಹಾಕಿಕೊಂಡರು. ಸರಾಸರಿ ಶೇ 83ರಷ್ಟು ವಿದ್ಯಾರ್ಥಿಗಳು ಕೊಟ್ಟ ಕೆಲಸದಲ್ಲೇ ಮುಳುಗಿದ್ದರು ಎಂದು 2013ರ ಅವರ ಪ್ರಬಂಧ ಹೇಳುತ್ತದೆ. ಹಿಂದಿನ ಬೆಂಚಿನವರನ್ನೂ ಎಳೆದುಕೊಳ್ಳಲು ಬೇಕಾದದ್ದು ಒಂದು ಒಳ್ಳೆಯ ಪ್ರಶ್ನೆ ಮತ್ತು ಮಾತಾಡಲು ಅನುಮತಿ. ಮುಂದಿನ ವರ್ಷ ಅದೇ ತಂಡ, ಮುಳುಗಿದ್ದೇನೋ ಸರಿ, ಕಲಿತರೇ ಎಂದು ಕೇಳಿಕೊಂಡು ಇನ್ನೊಂದು ಅಧ್ಯಯನ ನಡೆಸಿತು. ತನ್ನ ಯಶಸ್ಸನ್ನೇ ಮತ್ತೆ ಪರೀಕ್ಷೆಗಿಡುವ ಈ ಗುಣ ಮೆಚ್ಚಬೇಕಾದದ್ದು.

ಇಷ್ಟಾದರೂ ಉಪನ್ಯಾಸವೇ ಎಲ್ಲೆಡೆ ಉಳಿದಿರುವುದಕ್ಕೆ ಒಂದು ಕಾರಣವನ್ನು ಹಾರ್ವರ್ಡ್‌ನ ಲೂಯಿ ಡೆಲೊರಿಯೆ ತಂಡ 2019ರಲ್ಲಿ ಬಯಲಿಗಿಟ್ಟಿತು. ತಾವೇ ಕೈಹಾಕಿ ಕಲಿತ ತರಗತಿಯ ವಿದ್ಯಾರ್ಥಿಗಳು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರು. ಆದರೆ ಎಷ್ಟು ಕಲಿತಿರಿ ಎಂದು ಕೇಳಿದರೆ, ನಿರರ್ಗಳ ಉಪನ್ಯಾಸ ಕೇಳಿದವರೇ ತಾವು ಹೆಚ್ಚು ಕಲಿತೆವೆಂದರು. ತಿಣುಕಾಡುವುದು ಕಲಿಯದಿರುವಂತೆ ಭಾಸವಾಗುತ್ತದೆ. ಫೀಡ್‌ಬ್ಯಾಕ್ ಫಾರ್ಮಿನ ಮೇಲೆ ಅಧ್ಯಾಪಕರನ್ನು ಅಳೆಯುವ ಕಾಲೇಜುಗಳು ಈ ಒಂದು ಅಧ್ಯಯನವನ್ನಾದರೂ ಓದಬೇಕು.

ಲ್ಯಾಬಿನ ವಿಷಯಕ್ಕೆ ಬಂದರೆ, ಒಂದೇ ಕಂಪ್ಯೂಟರಿನ ಮುಂದೆ ಇಬ್ಬರು ಕೂರುವುದು ನಮ್ಮಲ್ಲಿ ಹಳೆಯ ರೂಢಿ; ಯಂತ್ರಗಳ ಕೊರತೆ ಅದಕ್ಕೆ ಕಾರಣ. ನಾರ್ತ್ ಕೆರೊಲಿನಾದ ಲಾರಿ ವಿಲಿಯಮ್ಸ್ ಅದನ್ನೇ ಒಂದು ಬೋಧನ ವಿಧಾನವಾಗಿ ಅಭ್ಯಾಸ ಮಾಡಿದರು. ಒಬ್ಬರು ಟೈಪ್ ಮಾಡುತ್ತಾರೆ, ಇನ್ನೊಬ್ಬರು ತಪ್ಪು ಹಿಡಿಯುತ್ತ ಮುಂದಿನ ಹೆಜ್ಜೆ ಯೋಚಿಸುತ್ತಾರೆ, ಆಗಾಗ ಜಾಗ ಬದಲಾಗಲೇಬೇಕು. ಜಾಗ ಬದಲಾಯಿಸದಿದ್ದರೆ ಒಬ್ಬ ಕಲಿಯುತ್ತಾನೆ, ಇನ್ನೊಬ್ಬ ನೋಡುತ್ತಾನೆ.

ಈಗ ಇಡೀ ಚರ್ಚೆಯ ಬುಡವನ್ನೇ ಅಲುಗಿಸಿರುವುದು ಕೃತಕ ಬುದ್ಧಿಮತ್ತೆ. ಆಕ್ಲೆಂಡ್ ವಿಶ್ವವಿದ್ಯಾಲಯದ ಸಂಶೋಧಕರು ಕೋಡೆಕ್ಸ್ ಎಂಬ ಮಾದರಿಗೆ ಮೊದಲ ವರ್ಷದ ಪ್ರೋಗ್ರಾಮಿಂಗ್ ಪರೀಕ್ಷೆ ಬರೆಸಿದರು; 71 ವಿದ್ಯಾರ್ಥಿಗಳ ಪಟ್ಟಿಯಲ್ಲಿ ಅದರ ಸ್ಥಾನ 17 ಎಂದು 2022ರಲ್ಲಿ ಪ್ರಕಟಿಸಿದರು. ಅಂದಿನಿಂದ ಈ ಮಾದರಿಗಳು ಬಹಳ ಮುಂದೆ ಹೋಗಿವೆ. ಬರೆಯುವುದನ್ನು ಯಂತ್ರ ಮಾಡುತ್ತದೆಂದಾದರೆ, ಅದು ಬರೆದದ್ದನ್ನು ಓದಿ ಸರಿಯೋ ತಪ್ಪೋ ಹೇಳಬಲ್ಲವರು ಬೇಕು. ಲಿಸ್ಟರ್ ಎತ್ತಿದ ಓದಿನ ಪ್ರಶ್ನೆ ಹೀಗೆ ಮತ್ತೆ ಮುಂದಿನ ಸಾಲಿಗೆ ಬಂದಿದೆ.

ಕನ್ನಡ ಮಾಧ್ಯಮದಿಂದ ಎಂಜಿನಿಯರಿಂಗ್‌ಗೆ ಬರುವವರಿಗೆ ಈ ಓದಿನ ಜೊತೆ ಭಾಷೆಯ ತೊಡಕೂ ಸೇರುತ್ತದೆ. ಬಾಂಬೆ ಐಐಟಿಯ ಕಣ್ಣನ್ ಮೌದ್ಗಲ್ಯ ಕಟ್ಟಿದ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ಇದಕ್ಕೊಂದು ಜಾಣ ಉಪಾಯ ಮಾಡಿತು: ಪರದೆಯ ಮೇಲಿನ ಸಾಫ್ಟ್‌ವೇರ್ ಇಂಗ್ಲಿಷಿನಲ್ಲೇ ಇರುತ್ತದೆ, ವಿವರಣೆಯ ದನಿ ಕನ್ನಡ ಸೇರಿದಂತೆ ಭಾರತೀಯ ಭಾಷೆಗಳಲ್ಲಿ ಸಿಗುತ್ತದೆ. ಕನ್ನಡವೂ ಸೇರಿ ಹಲವು ಭಾಷೆಗಳಲ್ಲಿ ಎಂಜಿನಿಯರಿಂಗ್ ಕಲಿಸಲು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ 2021ರಲ್ಲಿ ಒಪ್ಪಿಗೆ ಕೊಟ್ಟಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿರಾಜ್ ಕುಮಾರ್ ಅವರು ಡೇವಿಡ್ ಸ್ಮಿತ್ ಮತ್ತು ಪಾಲ್ ಡೆನ್ನಿ ಅವರೊಡನೆ ಸೇರಿ 2024ರಲ್ಲಿ ಇನ್ನೊಂದು ಪ್ರಯೋಗ ಮಾಡಿದರು. ವಿದ್ಯಾರ್ಥಿ ಒಂದು ಕೋಡ್ ಓದಿ ಅದು ಏನು ಮಾಡುತ್ತದೆಂದು ತನ್ನ ಭಾಷೆಯಲ್ಲಿ ಬರೆಯಬೇಕು. ಆ ವಿವರಣೆಯಿಂದ ಕೃತಕ ಬುದ್ಧಿಮತ್ತೆ ಹೊಸ ಕೋಡ್ ಬರೆಯುತ್ತದೆ. ಎರಡೂ ಒಂದೇ ಕೆಲಸ ಮಾಡಿದರೆ ವಿವರಣೆ ಸರಿ. ದೇಶದಲ್ಲಿ ಹೆಚ್ಚು ಬಳಕೆಯ 10 ಭಾಷೆಗಳಲ್ಲಿ ಸರಿಯಾದ ವಿವರಣೆಗಳನ್ನು ಕೊಟ್ಟು ನೋಡಿದಾಗ, ಬಹುತೇಕ ಭಾಷೆಗಳಲ್ಲಿ ಶೇ 75 ಅಥವಾ ಅದಕ್ಕಿಂತ ಹೆಚ್ಚು ಬಾರಿ ಯಂತ್ರ ಸರಿಯಾಗಿ ಗ್ರಹಿಸಿತು.

ಎನ್‌ಪಿಟಿಇಎಲ್ ಎಂಬ ಆನ್‌ಲೈನ್ ಕಲಿಕಾ ವೇದಿಕೆಯ ಕೋರ್ಸ್ ಒಂದರ ವಿದ್ಯಾರ್ಥಿಗಳ ಕೈಗೆ ಇದನ್ನು ಕೊಟ್ಟಾಗ ಮಾತ್ರ ಹಲವರು ಇಂಗ್ಲಿಷನ್ನೇ ಆಯ್ದುಕೊಂಡರು. ತಾಂತ್ರಿಕ ವಿಷಯಕ್ಕೆ ಇಂಗ್ಲಿಷೇ ರೂಢಿ, ಸ್ವಂತ ಭಾಷೆಯಲ್ಲಿ ಬರೆಯುವುದು ಕಷ್ಟ, ನಮ್ಮ ಭಾಷೆ ಯಂತ್ರಕ್ಕೆ ಅರ್ಥವಾಗದೇ ಹೋದರೆ ಎಂಬ ಅನುಮಾನ, ಇವು ಅವರು ಕೊಟ್ಟ ಕಾರಣಗಳು. ಟೈಪಿಸುವ ಕಷ್ಟವನ್ನು ಪಕ್ಕಕ್ಕಿಟ್ಟು ಬಾಯಲ್ಲಿ ಹೇಳಿಸಿದ್ದರೆ? ಮೊದಲ ಸೆಮಿಸ್ಟರಿನಿಂದಲೇ ಕನ್ನಡದಲ್ಲಿ ಕೋಡ್ ವಿವರಿಸುವ ರೂಢಿ ಹಾಕಿದ್ದರೆ? ಇದನ್ನು ನೋಡಲು ಐಐಟಿಯೇ ಆಗಬೇಕೆಂದಿಲ್ಲ. ಎರಡು ಸೆಕ್ಷನ್‌ಗಳಿರುವ ಯಾವ ಜಿಲ್ಲಾ ಕೇಂದ್ರದ ಕಾಲೇಜೂ ಒಂದರಲ್ಲಿ ಕನ್ನಡ, ಇನ್ನೊಂದರಲ್ಲಿ ಇಂಗ್ಲಿಷ್ ಎಂದು ಒಂದು ಸೆಮಿಸ್ಟರ್ ನಡೆಸಿ, ಕೊನೆಗೆ ಎರಡಕ್ಕೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು ಫಲಿತಾಂಶವನ್ನು ಪ್ರಕಟಿಸಬಹುದು.