ತೋಟದ ಅಂಚಿಗೆ ಕರಿಬೇವು

ಚಿಕ್ಕಜಾಜೂರು ಸುತ್ತಿನ ಅಡಿಕೆ ತೋಟಗಳಲ್ಲಿ ಅಡ್ಡಾಡಿದವರಿಗೆ ಒಂದು ಸಂಗತಿ ಕಣ್ಣಿಗೆ ಬೀಳದೆ ಇರದು. ತೋಟದ ನಡುವಿನ ಮರಗಳು ಹಸಿರಾಗಿರುತ್ತವೆ. ಅಂಚಿಗೆ ಬಂದ ಹಾಗೆಲ್ಲ ಸೋಗೆ ಹಳದಿಯಾಗುತ್ತ, ಕಡೆಯ ಎರಡು ಸಾಲು ಇದ್ದೂ ಇಲ್ಲದಂತೆ ನಿಂತಿರುತ್ತವೆ. ಕೊಳವೆಬಾವಿಯ ನೀರು ಅಲ್ಲಿಯ ತನಕ ಸಾಲುವುದಿಲ್ಲ. 2023ರಲ್ಲಿ ಮಳೆ ಕೈಕೊಟ್ಟಾಗ, ಮುಂದಿನ ಬೇಸಿಗೆಯಲ್ಲಿ ಟ್ಯಾಂಕರಿನ ನೀರು ಕೊಂಡು ಮರ ಉಳಿಸಿಕೊಂಡವರು ನಮ್ಮ ಕಡೆ ಕಡಿಮೆಯೇನಲ್ಲ. ಹನಿ ನೀರಾವರಿಯಲ್ಲೂ ಬೇಸಿಗೆಯಲ್ಲಿ ಅಡಿಕೆ ಮರವೊಂದಕ್ಕೆ ದಿನಕ್ಕೆ 16ರಿಂದ 20 ಲೀಟರು ನೀರು ಬೇಕೆಂದು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹೇಳುತ್ತಾರೆ. ಅಂಚಿನ ಐವತ್ತು ಸೊರಗು ಮರಗಳಿಗೇ ದಿನಕ್ಕೆ 800ರಿಂದ 1000 ಲೀಟರು ಎಂದಾಯಿತು. ಆ ನೀರನ್ನು ಒಳಗಿನ ಮರಗಳಿಗೆ ತಿರುಗಿಸಿ ಅಂಚಿಗೆ ಬೇರೆ ಏನಾದರೂ ಹಾಕೋಣವೆಂದರೆ ಏನು ಹಾಕುವುದು, ಇದು ಸದಸ್ಯರು ಮೇಲಿಂದ ಮೇಲೆ ಕೇಳುತ್ತಿರುವ ಪ್ರಶ್ನೆ.

ಆ ಜಾಗಕ್ಕೆ ಕರಿಬೇವು ಒಪ್ಪುತ್ತದೆ ಎಂಬುದು ನನ್ನ ಅನುಭವ. ಕೆಂಪು ಮಣ್ಣು, ಮರಳುಮಿಶ್ರಿತ ಗೋಡು, ಸಣ್ಣ ಗರಸು ಯಾವುದಾದರೂ ಸರಿ, ನೀರು ನಿಲ್ಲಬಾರದು ಅಷ್ಟೆ. ಎರೆಭೂಮಿಯ ತಗ್ಗಿನಲ್ಲಿ ಹಾಕಿದರೆ ಬೇರು ಕೊಳೆಯುತ್ತದೆ. ಬೇರೂರಿದ ಮೇಲೆ ವಾರಕ್ಕೊಮ್ಮೆ ನೀರು ಕಂಡರೆ ಸಾಕು. ಒಂದೆರಡು ವಾರ ತಪ್ಪಿದರೂ ಸಾಯುವುದಿಲ್ಲ, ಚಿಗುರು ನಿಲ್ಲಿಸಿ ಕಾಯುತ್ತದೆ. ಅಡಿಕೆಗೆ ಆ ತಾಳ್ಮೆ ಇಲ್ಲ.

ಮನೆಯ ಹಿತ್ತಲಲ್ಲಿ ಬಚ್ಚಲ ನೀರಿಗೆ ಬೆಳೆಯುವ ಗಿಡಕ್ಕೆ ಲೇಖನವೇಕೆಂದು ಕೆಲವರಿಗೆ ಅನ್ನಿಸಬಹುದು. ಹಿತ್ತಲ ಗಿಡ ಒಂಟಿಯಾಗಿರುತ್ತದೆ. ಹುಳು ತಿಂದರೆ ತಿನ್ನಲಿ ಎಂದು ಬಿಡುತ್ತೇವೆ. ಇನ್ನೂರು ಗಿಡ ಸಾಲಾಗಿ ನಿಂತಾಗ ಸಂಗತಿ ಬೇರೆ. ಹುಳು ಕಂಡ ಕೂಡಲೇ ಕೈ ಔಷಧಿ ಡಬ್ಬಕ್ಕೆ ಹೋಗುತ್ತದೆ. ಕರಿಬೇವಿನ ಬೇಸಾಯದಲ್ಲಿ ಕೆಡುವುದೇ ಅಲ್ಲಿ. ಅಡಿಕೆಗೆ ಸಿಪ್ಪೆಯಿದೆ, ಕಾಫಿಗೆ ಸಿಪ್ಪೆ, ಹೊಟ್ಟು ಎರಡೂ ಇವೆ. ಕರಿಬೇವಿನಲ್ಲಿ ಹೊಡೆದ ಎಲೆಯೇ ನೇರವಾಗಿ ಒಗ್ಗರಣೆಗೆ ಬೀಳುತ್ತದೆ.

ತಳಿಯ ಮಾತು

ನಾವು ಸಾಮಾನ್ಯವಾಗಿ ಪಕ್ಕದ ಮನೆಯಿಂದ ಕಿತ್ತು ತಂದ ಮರಿಯನ್ನೇ ನೆಡುತ್ತೇವೆ. ಮಾರಾಟಕ್ಕೆ ಬೆಳೆಯುವವರು ಇಲ್ಲಿ ಸ್ವಲ್ಪ ಯೋಚಿಸಬೇಕು. ಧಾರವಾಡದ ಕೃಷಿ ವಿಶ್ವವಿದ್ಯಾಲಯದಿಂದ ಧಾರವಾಡ-1 ಮತ್ತು ಧಾರವಾಡ-2 ಎಂಬ ಎರಡು ತಳಿಗಳು ಬಂದಿವೆ. ಮೊದಲನೆಯದರ ಎಲೆಗೆ ಪರಿಮಳ ಹೆಚ್ಚು. ಆದರೆ ಚಳಿಗೆ ಅಂಜುವ ಗಿಡ, ಮಾಗಿಯಲ್ಲಿ ಅದರ ಮೊಗ್ಗು ಒಡೆಯುವುದಿಲ್ಲ. ಎರಡನೆಯದರ ಎಲೆಯಲ್ಲಿ ಎಣ್ಣೆಯ ಅಂಶ ಸ್ವಲ್ಪ ಕಡಿಮೆ, ಚಳಿಯಲ್ಲೂ ಚಿಗುರುತ್ತದೆ. ಉಷ್ಣತೆ 16 ಡಿಗ್ರಿಗಿಂತ ಇಳಿದರೆ ಕರಿಬೇವು ಸಾಮಾನ್ಯವಾಗಿ ನಿದ್ದೆಗೆ ಹೋಗುತ್ತದೆ. ನಮ್ಮ ಬಯಲಿನಲ್ಲಿ ಡಿಸೆಂಬರ್, ಜನವರಿಯ ರಾತ್ರಿಗಳು ತಣ್ಣಗಿರುತ್ತವೆ, ಪೇಟೆಯಲ್ಲಿ ಸೊಪ್ಪಿಗೆ ಬೇಡಿಕೆ ಏರುವುದೂ ಆಗಲೇ. ಆದ್ದರಿಂದ ಪರಿಮಳದ ಆಸೆಗೆ ಮೊದಲನೆಯದನ್ನೇ ತುಂಬಾ ಹಾಕಿಕೊಳ್ಳುವುದು ಜಾಣತನವಲ್ಲ. ಎಲೆಯ ನಡುದಂಟು ಕೆಂಪಗಿರುವ 'ಸೆಂಕಾಂಬು' ಎಂಬುದು ತಮಿಳುನಾಡಿನಲ್ಲಿ ಹೆಸರಾದದ್ದು. ಕೊಳ್ಳುವವರು ಕೆಲವು ಕಡೆ ಆ ಕೆಂಪು ದಂಟನ್ನೇ ನೋಡಿ ಕೊಳ್ಳುತ್ತಾರೆ.

ಯಾವ ತಳಿಯೇ ಆಗಲಿ, ಸಸಿ ಕೊಳ್ಳುವಾಗ ಎಲೆಯೊಂದನ್ನು ಉಜ್ಜಿ ಮೂಸಿ ನೋಡಬೇಕು. ಹಾಳೆಯ ಮೇಲಿನ ಹೆಸರನ್ನು ನಂಬಿ ನಾನೊಮ್ಮೆ ಅರವತ್ತು ಸಸಿ ತಂದೆ. ಎರಡು ವರ್ಷ ಬೆಳೆಸಿದ ಮೇಲೆ ಅವುಗಳಲ್ಲಿ ಅರ್ಧಕ್ಕೆ ಪರಿಮಳವೇ ಇಲ್ಲವೆಂಬುದು ತಿಳಿಯಿತು. ಅಂದೇ ಮೂಗಿಗೆ ಕೆಲಸ ಕೊಟ್ಟಿದ್ದರೆ ಎರಡು ವರ್ಷ ಉಳಿಯುತ್ತಿತ್ತು.

ಸ್ವತಃ ಸಸಿ ಮಾಡಿಕೊಳ್ಳುವವರಿಗೆ ಎರಡು ದಾರಿ. ಹಳೆಯ ಗಿಡದ ಬೇರಿನಿಂದ ಏಳುವ ಮರಿಗಳನ್ನು ಮಳೆಗಾಲದಲ್ಲಿ ಬೇರು ಸಮೇತ ಬಿಡಿಸಿ ಚೀಲದಲ್ಲಿ ಕೂರಿಸುವುದು ಒಂದು. ತಾಯಿಗಿಡದ ಗುಣವೇ ಬೇಕೆಂದರೆ ಇದೇ ಸರಿ. ಇನ್ನೊಂದು ಬೀಜ. ಜುಲೈ, ಆಗಸ್ಟಿನಲ್ಲಿ ಹಣ್ಣು ಕಪ್ಪಾಗಿ ಮಾಗಿದಾಗ ಆಯ್ದು, ತಿರುಳು ತೊಳೆದು, ನೆರಳಿನಲ್ಲಿ ನೀರಾರಿಸಿ ಮೂರು ನಾಲ್ಕು ದಿನದೊಳಗೆ ಬಿತ್ತಬೇಕು. ಕರಿಬೇವಿನ ಬೀಜ ರಾಗಿ ಜೋಳದ ಹಾಗೆ ಮಡಿಕೆಯಲ್ಲಿ ಕಾಯುವ ಬೀಜವಲ್ಲ. ಒಣಗಿದರೆ ಸತ್ತಿತೆಂದೇ ತಿಳಿಯಬೇಕು. ಮೂರು ವಾರದಲ್ಲಿ ಮೊಳಕೆ ಬರುತ್ತದೆ, ಒಂದು ವರ್ಷದ ಸಸಿ ನೆಡಲು ಯೋಗ್ಯ.

ನೆಡುವ ಜಾಗ

ಅಡಿಕೆ ಸಾಲುಗಳ ನಡುವೆ ಹಾಕಬಾರದು. ಈ ತಪ್ಪನ್ನೂ ಮಾಡಿ ನೋಡಿದ್ದೇನೆ. ನೆರಳಿನಲ್ಲಿ ಗಿಡ ಉದ್ದಕ್ಕೆ ಏರಿ ಎಲೆ ತೆಳುವಾಗುತ್ತದೆ, ಘಮ ಇಳಿಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಎಂದರೆ ಕೊಳೆರೋಗಕ್ಕೆಂದು ಗೊನೆಗೆ ಹೊಡೆದ ಬೋರ್ಡೋ ದ್ರಾವಣ ಕೆಳಗಿನ ಕರಿಬೇವಿನ ಮೇಲೆ ತೊಟ್ಟಿಕ್ಕುತ್ತದೆ. ಕಾಫಿ ತೋಟದವರಿಗೂ ಇದೇ ಮಾತು. ನೀಲಿ ಮಚ್ಚೆಯ ಸೊಪ್ಪನ್ನು ಯಾರೂ ಕೊಳ್ಳುವುದಿಲ್ಲ, ಕೊಳ್ಳಲೂಬಾರದು. ದ್ರಾವಣ ಹೊಡೆಯುವ ಮರಗಳಿಂದ ಸಾಕಷ್ಟು ದೂರ, ಬಿಸಿಲು ಬೀಳುವ ಬೇಲಿಯ ಪಕ್ಕದಲ್ಲಿ ಸಾಲು ಹಿಡಿಯಬೇಕು.

ಒಂದಡಿ ಉದ್ದ, ಅಗಲ, ಆಳದ ಗುಂಡಿ, ಗಿಡದಿಂದ ಗಿಡಕ್ಕೆ ನಾಲ್ಕರಿಂದ ಐದು ಅಡಿ. ಚೌಕವಾದ ಒಂದು ಎಕರೆಯ ನಾಲ್ಕೂ ಅಂಚು ಸೇರಿ ಸುಮಾರು 835 ಅಡಿ. ನಾಲ್ಕು ಅಡಿಗೊಂದರಂತೆ ಇನ್ನೂರು ಗಿಡ ಹಿಡಿಯುತ್ತವೆ. ಮೊದಲ ಸಲಕ್ಕೆ ಇಷ್ಟು ಸಾಕೋ ಸಾಕು. ಇಡೀ ಎಕರೆಗೆ ಐದಡಿ ಅಂತರದಲ್ಲಿ ಹಾಕಿದರೆ 1700ಕ್ಕೂ ಮೇಲೆ ಗಿಡ ಬೇಕಾಗುತ್ತವೆ. ಅಷ್ಟು ಸೊಪ್ಪನ್ನು ಕೊಯ್ಯುವ ಕೈಗಳೂ ಕೊಳ್ಳುವವರೂ ಗೊತ್ತಾಗುವ ಮುನ್ನ ಆ ಸಾಹಸ ಬೇಡ.

ಗುಂಡಿಗೆ ಕೊಟ್ಟಿಗೆ ಗೊಬ್ಬರ ಬೆರೆಸಿ ಆರಿದ್ರಾ ಅಥವಾ ಪುನರ್ವಸು ಮಳೆಗೆ ನೆಟ್ಟರೆ ಗಿಡ ಬೇರೂರಲು ಹಿಂಗಾರು ಮುಗಿಯುವ ತನಕ ಅವಕಾಶ ಸಿಗುತ್ತದೆ. ಬೆಳೆದ ಗಿಡವೊಂದಕ್ಕೆ ವರ್ಷಕ್ಕೆ 20 ಕಿಲೋ ಕೊಟ್ಟಿಗೆ ಗೊಬ್ಬರ ಕೊಡಬೇಕು. ಎಲೆಗಾಗಿ ಬೆಳೆಯುವ ಗಿಡವಾದುದರಿಂದ ಸಾರಜನಕವೇ ಮುಖ್ಯ, ಪ್ರತಿ ಕೊಯ್ಲಿನ ನಂತರ ಸ್ವಲ್ಪ ಸ್ವಲ್ಪ ಕೊಡುವುದು ಲೇಸು. ಹುಳಿ ಮಜ್ಜಿಗೆ ಹಾಕುವ ವಿಷಯ ಹೆಂಗಸರು ಕೇಳಿಯೇ ಕೇಳುತ್ತಾರೆ. ಹಿತ್ತಲ ಗಿಡಕ್ಕೆ ಹಾಕಿದರೆ ಕೇಡಿಲ್ಲ. ಇನ್ನೂರು ಗಿಡಕ್ಕೆ ಮಜ್ಜಿಗೆ ತರುವುದೆಲ್ಲಿಂದ! ಸುಣ್ಣಕಲ್ಲಿನ ನೆಲದಲ್ಲಿ ನರ ಹಸಿರಾಗಿದ್ದು ಎಲೆ ಹಳದಿಯಾದರೆ ಮಣ್ಣು ಪರೀಕ್ಷೆ ಮಾಡಿಸಿ, ಸಾವಯವ ಗೊಬ್ಬರ ಹೆಚ್ಚಿಸುವುದು ಸರಿಯಾದ ದಾರಿ.

ಕತ್ತರಿಯ ಕೆಲಸ

ಕರಿಬೇವನ್ನು ಬಿಟ್ಟರೆ ಮರವಾಗುತ್ತದೆ, ಸವರಿದರೆ ಪೊದೆಯಾಗುತ್ತದೆ. ನಮಗೆ ಬೇಕಾದದ್ದು ಪೊದೆ. ಕಾಫಿ ಗಿಡದ ತುದಿ ಚಿವುಟಿ, ರೆಕ್ಕೆ ಹರಡಿಸಿ ಅಭ್ಯಾಸವಿದ್ದವರಿಗೆ ಇದು ಹೊಸತೇನಲ್ಲ. ಅಡಿಕೆಯವರಿಗೆ ಮಾತ್ರ ಗಿಡದ ತಲೆ ಕಡಿಯಲು ಕೈ ಬರುವುದಿಲ್ಲ, ಅಡಿಕೆಯ ತಲೆ ಹೋದರೆ ಮರವೇ ಹೋಯಿತಲ್ಲ! ಇಲ್ಲಿ ಹಾಗಲ್ಲ. ಸಸಿ ಮೂರಡಿ ಎತ್ತರಕ್ಕೆ ಬಂದಾಗ ತುದಿಯನ್ನು ಕತ್ತರಿಸಬೇಕು. ಪಕ್ಕದಿಂದ ಒಡೆಯುವ ಕವಲುಗಳಲ್ಲಿ ಬಲವಾದ ಐದಾರನ್ನು ಉಳಿಸಿ ಉಳಿದವನ್ನು ತೆಗೆಯಬೇಕು. ಮುಂದೆ ಕೊಯ್ಲೆಂದರೆ ಈ ಕವಲುಗಳನ್ನು ಸವರುವುದೇ. ಎಲೆಯನ್ನು ಒಂದೊಂದಾಗಿ ತರಿದರೆ ಬೋಳು ಕಡ್ಡಿ ಉಳಿಯುತ್ತದೆ, ಅದರ ತುದಿಯಲ್ಲಿ ಮಾತ್ರ ನಾಲ್ಕು ಎಲೆ ಚಿಗುರಿ ಗಿಡ ಪೊರಕೆಯಂತಾಗುತ್ತದೆ. ಕಡ್ಡಿ ಸಮೇತ ಹರಿತವಾದ ಕತ್ತರಿಯಿಂದ ಕತ್ತರಿಸಿದರೆ ಕೆಳಗಿನ ಕಣ್ಣುಗಳಿಂದ ಎರಡು ಮೂರು ಹೊಸ ಚಿಗುರು ಬರುತ್ತವೆ.

ಮೊದಲ ವರ್ಷ ಹೆಚ್ಚು ಆಸೆ ಪಡಬಾರದು. ಗಿಡ ಬಲಿತ ಮೇಲೆ ಎರಡೂವರೆ, ಮೂರು ತಿಂಗಳಿಗೊಮ್ಮೆ ಕೊಯ್ಯಬಹುದು. ಹೂಗೊಂಚಲು ಬಂದರೆ ಚಿವುಟಿ ಹಾಕಬೇಕು, ಕಾಯಿಗೆ ಹೋಗುವ ಶಕ್ತಿ ಎಲೆಗೆ ಉಳಿಯುತ್ತದೆ. ಇನ್ನೂರು ಗಿಡವನ್ನೂ ಒಂದೇ ದಿನ ಸವರದೆ, ವಾರಕ್ಕೆ ಹದಿನೈದು ಇಪ್ಪತ್ತು ಗಿಡದಂತೆ ಸರದಿ ಹಾಕಿಕೊಂಡರೆ ವರ್ಷವಿಡೀ ಸೊಪ್ಪು ಇರುತ್ತದೆ. ಒಂದು ಸುತ್ತು ಮುಗಿಯುವ ಹೊತ್ತಿಗೆ ಮೊದಲ ಗಿಡಗಳು ಮತ್ತೆ ಸಿದ್ಧವಾಗಿರುತ್ತವೆ.

ಹುಳು ಮತ್ತು ಔಷಧಿ

ಕರಿಬೇವು ನಿಂಬೆ, ಕಿತ್ತಳೆಗಳ ಕುಲದ್ದು. ಆ ಕುಲದ ಶತ್ರುಗಳೇ ಇದಕ್ಕೂ ಶತ್ರುಗಳು. ನಿಂಬೆ ಚಿಟ್ಟೆ ಎಳೆಯ ಚಿಗುರಿನ ಮೇಲೆ ಒಂಟಿ ಮೊಟ್ಟೆಗಳನ್ನಿಡುತ್ತದೆ. ಮರಿಹುಳು ಮೊದಮೊದಲು ಹಕ್ಕಿಯ ಹಿಕ್ಕೆಯಂತೆ ಕಾಣುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಬೆಳೆದ ಮೇಲೆ ಹಸಿರಾಗಿ, ಮುಟ್ಟಿದರೆ ತಲೆಯ ಹಿಂದಿನಿಂದ ಕೊಂಬಿನಂಥದೊಂದನ್ನು ಚಾಚಿ ಕಮಟು ವಾಸನೆ ಬಿಡುತ್ತದೆ. ಕಚ್ಚುವುದಿಲ್ಲ. ಬೆಳಗ್ಗೆ ಸಾಲಿನುದ್ದಕ್ಕೂ ನಡೆದು ಕೈಯಿಂದ ಆಯ್ದರೆ ಇನ್ನೂರು ಗಿಡಕ್ಕೆ ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಇದಕ್ಕೆ ಔಷಧಿ ಹೊಡೆಯುವುದು ಸೊಳ್ಳೆಗೆ ಬಂದೂಕು ಹಿಡಿದ ಹಾಗೆ.

ಹೆಚ್ಚು ಕಾಡುವುದು ಸಿಲ್ಲಾ ಎಂಬ ಚಿಕ್ಕ ಕೀಟ. ಚಿಗುರಿನಲ್ಲಿ ಗುಂಪಾಗಿ ಕೂತು ರಸ ಹೀರುತ್ತದೆ. ಎಲೆ ಮುದುಡುತ್ತದೆ, ಅಂಟು ಸುರಿದು ಅದರ ಮೇಲೆ ಕಪ್ಪು ಬೂಷ್ಟು ಕೂರುತ್ತದೆ. ಈ ಕೀಟದ ವಿಷಯದಲ್ಲಿ ನಿಂಬೆ, ಮೂಸಂಬಿ, ಕಿತ್ತಳೆ ಇರುವವರು ವಿಶೇಷ ಎಚ್ಚರಿಕೆ ವಹಿಸಬೇಕು. ಆ ಬೆಳೆಗಳಲ್ಲಿ ಗ್ರೀನಿಂಗ್ ರೋಗವನ್ನು ಗಿಡದಿಂದ ಗಿಡಕ್ಕೆ ಸಾಗಿಸುವುದು ಇದೇ ಸಿಲ್ಲಾ. ಕಾಫಿ ತೋಟಗಳೊಳಗೆ ಬೆಳೆಯುತ್ತಿದ್ದ ಕೊಡಗಿನ ಕಿತ್ತಳೆ ಕುಗ್ಗಿಹೋದುದಕ್ಕೆ ಈ ರೋಗವೂ ಒಂದು ಕಾರಣವೆಂಬುದು ಕಾಫಿ ಬೆಳೆಗಾರರಿಗೆ ತಿಳಿದದ್ದೇ. ಕರಿಬೇವಿನ ಚಿಗುರಿನಲ್ಲಿ ಕೀಟ ಸುಖವಾಗಿ ಹೆಚ್ಚಿ ಪಕ್ಕದ ನಿಂಬೆಗೆ ಹಾರುತ್ತದೆ. ಆದ್ದರಿಂದ ನಿಂಬೆಯ ಜಾತಿಯ ತೋಟದ ಹತ್ತಿರ ಕರಿಬೇವಿನ ಸಾಲು ಬೇಡ.

ಸಿಲ್ಲಾಕ್ಕೆ ಮೊದಲ ಮದ್ದು ಕತ್ತರಿಯೇ. ಮುದುಡಿದ ಚಿಗುರುಗಳನ್ನು ಕತ್ತರಿಸಿ ಚೀಲಕ್ಕೆ ಹಾಕಿ ತೋಟದ ಆಚೆ ಸುಡಬೇಕು. ಬುಡದಲ್ಲೇ ಉದುರಿಸಿದರೆ ಕೀಟ ಮತ್ತೆ ಏರುತ್ತದೆ. ಅಷ್ಟರಲ್ಲಿ ಹತೋಟಿಗೆ ಬಾರದಿದ್ದರೆ ಬೇವಿನ ಬೀಜದ ಕಷಾಯ. ಅರ್ಧ ಕಿಲೋ ಬೇವಿನ ಬೀಜದ ತಿರುಳನ್ನು ಕುಟ್ಟಿ ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಒಟ್ಟು ಹತ್ತು ಲೀಟರು ಮಾಡಿ, ಸ್ವಲ್ಪ ಸೋಪಿನ ನೀರು ಬೆರೆಸಿ ಅಂದೇ ಸಂಜೆ ಎಲೆಯ ಅಡಿಭಾಗಕ್ಕೆ ತಗಲುವಂತೆ ಹೊಡೆಯಬೇಕು. ಬೇವಿನ ಬೀಜ ನಮ್ಮ ಹೊಲಗಳ ಬದುವಿನಲ್ಲೇ ಬೇಸಿಗೆಯ ಕಡೆಗೆ ಉದುರುತ್ತದೆ, ಆಯ್ದಿಟ್ಟುಕೊಳ್ಳಬೇಕಷ್ಟೆ. ಗುಲಗಂಜಿ ಹುಳುಗಳು ಕಂಡರೆ ಅವನ್ನು ಬಿಡಿ, ಅವು ಸಿಲ್ಲಾ ಮರಿಗಳನ್ನು ತಿನ್ನುತ್ತವೆ.

ಅಂಗಡಿಯ ಔಷಧಿಯನ್ನು ಹೊಡೆದ ನಾಲ್ಕನೆಯ ದಿನ ಕೊಯ್ದು ಪೇಟೆಗೆ ಕಳಿಸುವವರಿದ್ದಾರೆ, ಮುಚ್ಚಿಟ್ಟು ಪ್ರಯೋಜನವಿಲ್ಲ. ತರಕಾರಿಗಳ ಮೇಲೆ ಬಳಸಬಾರದೆಂದು 2005ರಲ್ಲೇ ನಿಷೇಧವಾದ ಮೊನೊಕ್ರೊಟೊಫಾಸ್ ಹೆಸರು ಇಂದಿಗೂ ಬಾಯಿಯಿಂದ ಬಾಯಿಗೆ 'ಒಳ್ಳೆ ಔಷಧಿ' ಎಂದು ದಾಟುತ್ತಿದೆ. ಕೇರಳ ಕೃಷಿ ವಿಶ್ವವಿದ್ಯಾಲಯದವರು ಪೇಟೆಯ ತರಕಾರಿಗಳನ್ನು ಪರೀಕ್ಷಿಸಿದಾಗ ಔಷಧಿಯ ಶೇಷ ಕಂಡ ಪದಾರ್ಥಗಳಲ್ಲಿ ಕರಿಬೇವು ಮತ್ತೆ ಮತ್ತೆ ಬಂದಿದೆ. ಇದೇ ಕಾರಣದಿಂದ 2010ರ ದಶಕದಲ್ಲಿ ಐರೋಪ್ಯ ಒಕ್ಕೂಟ ಭಾರತದ ಕರಿಬೇವಿನ ಎಲೆಯನ್ನು ಹೆಚ್ಚುವರಿ ತಪಾಸಣೆಯ ಪಟ್ಟಿಗೆ ಸೇರಿಸಿತು. ನಮ್ಮ ಸೊಪ್ಪು ವಿದೇಶಕ್ಕೆ ಹೋಗುವುದಿಲ್ಲ ನಿಜ. ಆದರೆ ಅಲ್ಲಿ ತಪಾಸಣೆಯಾದರೂ ಇದೆ. ಹೊಳಲ್ಕೆರೆ ಸಂತೆಯಲ್ಲಿ ಕೊಂಡು ಒಗ್ಗರಣೆಗೆ ಹಾಕುವವರಿಗೆ ಅದೂ ಇಲ್ಲ. ನಮ್ಮ ಮನೆಗೆಂದು ಒಂದು ಗಿಡವನ್ನು ಔಷಧಿ ಹೊಡೆಯದೆ ಬೇರೆಯಾಗಿ ಬಿಟ್ಟುಕೊಳ್ಳುವ ಬೆಳೆಗಾರನಿಗೆ ಉಳಿದ ಗಿಡಗಳ ವಿಷಯ ತಿಳಿದಿಲ್ಲವೆಂದು ಹೇಳಲಾದೀತೆ?

ಮಾರಾಟ

ಸೊಪ್ಪನ್ನು ಬೆಳಗಿನ ತಂಪಿನಲ್ಲಿ, ಇಬ್ಬನಿ ಆರಿದ ಮೇಲೆ ಕೊಯ್ದು, ಕಟ್ಟು ಕಟ್ಟಿ ನೆನೆಸಿ ಹಿಂಡಿದ ಗೋಣಿತಾಟಿನಲ್ಲಿ ಸುತ್ತಿದರೆ ಮರುದಿನದ ತನಕ ಬಾಡುವುದಿಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದರೆ ಬೆವೆತು ಕಪ್ಪಾಗುತ್ತದೆ. ದಾವಣಗೆರೆಯ ಮಂಡಕ್ಕಿ ಒಗ್ಗರಣೆಯವರಿಂದ ಹಿಡಿದು ಚಿತ್ರದುರ್ಗದ ಖಾನಾವಳಿಗಳ ತನಕ ಪ್ರತಿದಿನ ಸೊಪ್ಪು ಬೇಕಾದವರು ಸಾಕಷ್ಟು ಇದ್ದಾರೆ. ಸಗಟು ಮಂಡಿಗೆ ಒಮ್ಮೆಲೇ ಹೊರೆ ಹಾಕಿದರೆ ಬೆಲೆ ಅವರು ಹೇಳಿದ್ದು. ನಾಲ್ಕಾರು ಖಾಯಂ ಗಿರಾಕಿಗಳನ್ನು ಗೊತ್ತು ಮಾಡಿಕೊಂಡು ವಾರದ ಸರದಿಯಲ್ಲಿ ಕೊಟ್ಟರೆ ಬೆಲೆ ನಮ್ಮ ಕೈಯಲ್ಲೂ ಸ್ವಲ್ಪ ಇರುತ್ತದೆ. ಬೆಲೆ ಬಿದ್ದ ದಿನಗಳಲ್ಲಿ ಎಲೆ ಬಿಡಿಸಿ ನೆರಳಿನಲ್ಲಿ ಒಣಗಿಸಬಹುದು. ಸುಮಾರು ಮೂರು ಕಿಲೋ ಹಸಿ ಎಲೆಗೆ ಒಂದು ಕಿಲೋ ಒಣ ಎಲೆ. ಅಡಿಕೆಯ ಅಂಗಳ ಖಾಲಿಯಿದೆಯೆಂದು ಬಿಸಿಲಿಗೆ ಹರಡಿದರೆ ಬಣ್ಣವೂ ಘಮವೂ ಹೋಗಿ ತರಗೆಲೆ ಉಳಿಯುತ್ತದೆ. ಚಟ್ನಿಪುಡಿ ಮಾಡುವ ಮಹಿಳಾ ಸಂಘದವರು ಇಂಥ ಒಣ ಎಲೆಯನ್ನು ಕೇಳುತ್ತಾರೆ, ಔಷಧಿ ಹೊಡೆದಿಲ್ಲವೆಂದು ಗೊತ್ತಿದ್ದರೆ ಇನ್ನೂ ಒತ್ತಿ ಕೇಳುತ್ತಾರೆ.

ಈ ವರ್ಷ ಪ್ರಯತ್ನಿಸಬೇಕೆನ್ನುವ ಸದಸ್ಯರು ಗುಂಡಿಗಳನ್ನು ಬೇಸಿಗೆಯಲ್ಲೇ ತೆಗೆದು ಬಿಸಿಲಿಗೆ ಬಿಡಬೇಕು. ತಳಿ ಮತ್ತು ಸಸಿಯ ಬಗ್ಗೆ ಹಿರಿಯೂರು ಬಳಿಯ ಬಬ್ಬೂರು ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಾಗಲಿ, ತಾಲ್ಲೂಕಿನ ತೋಟಗಾರಿಕೆ ಇಲಾಖೆಯಲ್ಲಾಗಲಿ ಮೊದಲೇ ವಿಚಾರಿಸಿ ಹೆಸರು ಬರೆಸುವುದು ಒಳ್ಳೆಯದು. ಮಳೆ ಬಿದ್ದ ಮೇಲೆ ಹೋದರೆ ಉಳಿದ ಸಸಿಯಷ್ಟೇ ಸಿಗುತ್ತದೆ.