ಕತ್ತಿಗೆ ಕೀರ್ತಿ ತಂದ ನಮ್ಮ ಉಕ್ಕು

ಚೀನದ ಲಾಂಗ್‌ಚುವಾನ್ ಪಟ್ಟಣ ಕತ್ತಿ ತಯಾರಿಕೆಗೆ ಹೆಸರುವಾಸಿ. ಅಲ್ಲಿನ ಕಮ್ಮಾರರು ಇಂದಿಗೂ ಕುಲುಮೆ ಹೊತ್ತಿಸುತ್ತಾರೆ. ನಮ್ಮ ದಖ್ಖನ್ನಿಗೂ ಒಂದು ಕಾಲಕ್ಕೆ ಅಂಥದೇ ಕೀರ್ತಿಯಿತ್ತು. ಕಲಬುರಗಿಯೂ ಸೇರಿದ್ದ ಹೈದರಾಬಾದ್ ಸಂಸ್ಥಾನದ ಕೋನಸಮುದ್ರಂ ಗ್ರಾಮಕ್ಕೆ ಪರ್ಷಿಯದ ವ್ಯಾಪಾರಿಗಳು ಉಕ್ಕಿಗಾಗಿಯೇ ಬರುತ್ತಿದ್ದರು. ಇಂಗ್ಲಿಷರ ‘ವೂಟ್ಸ್’ ಪದಕ್ಕೆ ಕನ್ನಡದ ‘ಉಕ್ಕು’ ಮೂಲವೆಂಬುದು ಹಲವು ವಿದ್ವಾಂಸರ ಅಭಿಪ್ರಾಯ.

ಮಣ್ಣಿನ ಮೂಸೆಯಲ್ಲಿ ಕಬ್ಬಿಣದ ಜೊತೆ ತಂಗಡಿ ಕಟ್ಟಿಗೆ, ಹಸಿರೆಲೆ ತುಂಬಿ, ಬಾಯಿ ಮುಚ್ಚಿ, ತಿದಿಯೊತ್ತಿ ಕಾಯಿಸುತ್ತಿದ್ದರು. ಕಟ್ಟಿಗೆಯ ಇಂಗಾಲ ಹೀರಿದ ಕಬ್ಬಿಣ ಕರಗಿ, ನಿಧಾನವಾಗಿ ಆರಿ, ಉಕ್ಕಾಗುತ್ತಿತ್ತು. ಹೆಸರಾಂತ ಡಮಾಸ್ಕಸ್ ಕತ್ತಿಗಳ ಅಲೆಗೆರೆ ಮೂಡುತ್ತಿದ್ದುದು ಇಂಥ ಉಕ್ಕಿನಲ್ಲೇ. 1820ರ ಸುಮಾರಿಗೆ ವಿಜ್ಞಾನಿ ಫ್ಯಾರಡೆ ಇದನ್ನು ಪರೀಕ್ಷಿಸಿದರೂ ಪೂರ್ತಿ ಗುಟ್ಟು ದಕ್ಕಲಿಲ್ಲ.

19ನೇ ಶತಮಾನದಲ್ಲಿ ಬ್ರಿಟನ್ನಿನ ಅಗ್ಗದ ಉಕ್ಕು ಬಂತು, ಇದ್ದಿಲು ದುರ್ಲಭವಾಯಿತು, ಕುಲುಮೆಗಳು ಆರಿದವು. ಬರೆದಿಡದ ವಿದ್ಯೆ ಬಲ್ಲವರೊಂದಿಗೇ ಹೋಯಿತು. ಉಳಿದದ್ದು ಹೆಸರು ಮಾತ್ರ.