ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಕೈಪಿಡಿ ಬರೆಯುವವರು ಯಾರು?

ಪ್ರಶ್ನೆ: ಹಳೇ ಕಾಲದ ಮಾದರಿಯ ವಿಮಾನವನ್ನು ಹವ್ಯಾಸಿಗಳು ಮನೆಯಲ್ಲೇ ಕಟ್ಟುತ್ತಾರಂತೆ. ಅದನ್ನು ಹಾರಿಸುವ ಕ್ರಮವನ್ನು ಯಾರು ಬರೆದುಕೊಡುತ್ತಾರೆ?
– ಓದುಗರೊಬ್ಬರು, ಬಂಗಾರಪೇಟೆ

ಉತ್ತರ: ಕಟ್ಟಿದವರೇ ಬರೆಯಬೇಕು. ಒಂದೇ ನಕ್ಷೆಯಿಂದ ಕಟ್ಟಿದರೂ ಎರಡು ವಿಮಾನಗಳ ತೂಕ, ಸಮತೋಲ ಒಂದೇ ಆಗಿರುವುದಿಲ್ಲ. ಹಾಗಾಗಿ ಪರೀಕ್ಷಾ ಹಾರಾಟದಲ್ಲಿ, ಸಾಕಷ್ಟು ಎತ್ತರದಲ್ಲಿ ನಿಧಾನವಾಗಿ ವೇಗ ಇಳಿಸುತ್ತಾ, ರೆಕ್ಕೆ ಯಾವ ವೇಗದಲ್ಲಿ ಎತ್ತುವ ಬಲ ಕಳೆದುಕೊಳ್ಳುತ್ತದೆಂದು ಅಳೆಯುತ್ತಾರೆ. ಅದು ಗಂಟೆಗೆ 60 ಕಿ.ಮೀ. ಆದರೆ, ಇಳಿಯಲು ಬರುವಾಗ ಸಾಮಾನ್ಯವಾಗಿ ಅದರ 1.3 ಪಟ್ಟು, ಅಂದರೆ 78 ಕಿ.ಮೀ. ಎಂದು ಬರೆದಿಡುತ್ತಾರೆ.

ಕೈಯಿಂದ ಪ್ರೊಪೆಲ್ಲರ್ ತಿರುಗಿಸಿ ಎಂಜಿನ್ ಚಾಲೂ ಮಾಡುವ ವಿಮಾನವಾದರೆ ಮೊದಲ ಸಾಲುಗಳು ಹೀಗಿರುತ್ತವೆ: ಚಕ್ರಕ್ಕೆ ಅಡ್ಡಗಟ್ಟೆ; ಒಳಗೆ ತಿಳಿದವರೊಬ್ಬರು; ಸ್ವಿಚ್ ಆಫ್ ಎಂದು ಕೂಗಿ, ಉತ್ತರ ಕೇಳಿದ ಮೇಲೆಯೇ ಪ್ರೊಪೆಲ್ಲರ್ ಮುಟ್ಟುವುದು.

ಇದನ್ನೆಲ್ಲ ಬರೆದಿಡದೆ ನೆನಪನ್ನೇ ನಂಬಬಾರದೇಕೆ? 1935ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಬೋಯಿಂಗ್ 299 ವಿಮಾನ ಏರುತ್ತಲೇ ಬಿದ್ದಿತು. ಬಾಲದ ಹಲಗೆಗಳ ಬೀಗ ತೆಗೆಯಲು ನುರಿತ ಪೈಲಟ್‌ಗಳೇ ಮರೆತಿದ್ದರು. ಆಮೇಲೆ ಚೆಕ್‌ಲಿಸ್ಟ್ ಕಡ್ಡಾಯದ ರೂಢಿಯಾಯಿತು.

ಈ ಶಿಸ್ತು ನಿಮ್ಮೂರ ಪಕ್ಕದ ಕೆಜಿಎಫ್‌ನ ಚಿನ್ನದ ಗಣಿಗಳಿಗೆ ಹೊಸದಾಗಿರಲಿಲ್ಲ. 2001ರಲ್ಲಿ ಮುಚ್ಚಿದ ಆ ಗಣಿಗಳಲ್ಲಿ ಚಾಂಪಿಯನ್ ರೀಫ್ 3 ಕಿ.ಮೀ.ಗೂ ಹೆಚ್ಚು ಆಳ. ಜನರನ್ನು ಒಯ್ಯುವ ಗಣಿಯ ಬೋನು ಇಳಿಯುತ್ತಿದ್ದುದು, ಏರುತ್ತಿದ್ದುದು ಗಂಟೆಯ ಸಂಕೇತದಿಂದಲೇ. ಚಲಿಸುವಾಗ ಒಂದು ಗಂಟೆ ಎಂದರೆ ನಿಲ್ಲಿಸು. ಜೀವ ಉಳಿಸುವ ಮಾತು ಚಿಕ್ಕದಾಗಿರಬೇಕು, ಎಲ್ಲರಿಗೂ ಒಂದೇ ಅರ್ಥ ಕೊಡಬೇಕು. ಒಳ್ಳೆಯ ಕೈಪಿಡಿಯ ಗುಟ್ಟೂ ಅದೇ.